ಬೋರರ್ ನೋಡೋಕೆ ಅಮೆರಿಕಕ್ಕೆ ಹೋಗಬೇಕಿತ್ತಾ?

ಮೊದಲ ದಿನ: ಆ್ಯನ್ ಆರ್ಬರ್

ಅಮೆರಿಕದ ಮಿಶಿಗನ್ ರಾಜ್ಯದಲ್ಲಿರೋ ಮಗಳ ಮನೆಗೆ ಬಂದ ಮೊದಲ ರಾತ್ರಿ ನಿದ್ದೆಯೇ ಬರಲಿಲ್ಲ. ಬೆಳಕು ಹರಿಯುತ್ತಿದ್ದ ಹಾಗೇ ಚಪ್ಪಲಿ ಮೆಟ್ಟಿ ಹೊರಗೆ ಹೊರಟೆ. ಮೂಡಿಗೆರೆ ಕಡೆ ಹದಿನೈದು ಎಕರೆ ಅರೇಬಿಕಾ ಕಾಫಿ ಇಟ್ಟುಕೊಂಡವನು ನಾನು. ಬೆಳಗ್ಗೆ ಎದ್ದು ತೋಟಕ್ಕೆ ಒಂದು ಸುತ್ತು ಹಾಕದಿದ್ದರೆ ನನಗೆ ಕಾಫಿ ಗಂಟಲಲ್ಲಿ ಇಳಿಯಲ್ಲ. ಇಲ್ಲಿ ತೋಟ ಇಲ್ಲ, ಬೀದಿಯನ್ನಾದರೂ ನೋಡೋಣ ಅಂದುಕೊಂಡೆ.

ಜೂನ್ ಕೊನೆಯ ವಾರ. ಬೀದಿ ತುಂಬ ಹಸಿರು. ಆದರೆ ಏನೋ ಲೆಕ್ಕ ತಾಳೆಯಾಗಲಿಲ್ಲ. ಮನೆಗಳನ್ನು ನೋಡಿದರೆ ಐವತ್ತು ವರ್ಷದವು. ಮರಗಳನ್ನು ನೋಡಿದರೆ ಹದಿನೈದು, ಬಹಳ ಅಂದರೆ ಇಪ್ಪತ್ತು ವರ್ಷದವು. ಅದೂ ಎಲ್ಲ ಹೆಚ್ಚುಕಮ್ಮಿ ಒಂದೇ ವಯಸ್ಸು. ಸತ್ತ ಗಿಡ ಕಿತ್ತ ಜಾಗದಲ್ಲಿ ಒಂದೇ ಮಳೆಗಾಲದಲ್ಲಿ ಸಸಿ ನೆಟ್ಟರೆ ತೋಟ ಹೀಗೇ ಕಾಣುತ್ತೆ. ಬೀದಿಯ ಕೊನೆಯಲ್ಲಿ ಒಂದೇ ಒಂದು ದೊಡ್ಡ ಮರ ಇತ್ತು, ಬುಡದಲ್ಲಿ ರೂಪಾಯಿ ಅಗಲದ ಲೋಹದ ಬಿಲ್ಲೆ ಹೊಡೆದಿದ್ದರು.

ಸಂಜೆ ಮಗಳನ್ನು ಕರೆದುಕೊಂಡು ಹೋಗಿ ಆ ಮನೆಯ ಅಜ್ಜಿಯನ್ನು ಮಾತಾಡಿಸಿದೆ. ಅದು ಆ್ಯಶ್ ಮರವಂತೆ.

"ಆ್ಯಶ್ ಅಂದ್ರೆ ಬೂದಿ ಅಲ್ವೇನೇ?" ಅಂದೆ.

"ಅಪ್ಪಾ, ಸುಮ್ನಿರು. ಇದು ಬೇರೆ" ಅಂದಳು ಮಗಳು.

ಬೇರೆ ಅಂತ ಅಜ್ಜಿಗೆ ಅನಿಸಿರಲಿಕ್ಕಿಲ್ಲ. ಈ ಬೀದಿಯ ಉದ್ದಕ್ಕೂ ಇದೇ ಮರ ಇದ್ದವಂತೆ. ಬೋರರ್, ಅಂದರೆ ಮರ ಕೊರೆಯೋ ಹುಳ, ಬಿದ್ದು ಐದಾರು ವರ್ಷದಲ್ಲಿ ಎಲ್ಲ ಸತ್ತವು. ಇದನ್ನು ಮಾತ್ರ ಅವರು ಎರಡು ವರ್ಷಕ್ಕೊಮ್ಮೆ ದುಡ್ಡು ಕೊಟ್ಟು ಉಳಿಸಿಕೊಂಡಿದ್ದಾರೆ. ಬುಡದ ಸುತ್ತ ಸಣ್ಣ ತೂತು ಕೊರೆದು ಔಷಧಿ ಒಳಗೆ ಬಿಡುತ್ತಾರೆ. ಔಷಧಿ ಹೆಸರು ಕೇಳಿದರೆ ಎಮಾಮೆಕ್ಟಿನ್. ನಮ್ಮಲ್ಲಿ ಮೆಣಸಿನಕಾಯಿಗೆ ಹೊಡೆಯೋದು! ಮಿಶಿಗನ್‌ನಲ್ಲಿ ನನಗೆ ಸಿಕ್ಕ ಮೊದಲ ಪರಿಚಯಸ್ಥ ಅದೇ.

ಆ್ಯಶ್‌ಗೆ ಮುಂಚೆ ಇಲ್ಲಿನ ಬೀದಿಗಳಲ್ಲಿ ಎಲ್ಮ್ ಮರ ಇದ್ದವಂತೆ. ಅವಕ್ಕೆ ಡಚ್ ಎಲ್ಮ್ ರೋಗ ಬಂತು. ಅದೊಂದು ಶಿಲೀಂಧ್ರ, ತೊಗಟೆಯ ದುಂಬಿಗಳು ಮರದಿಂದ ಮರಕ್ಕೆ ಹೊತ್ತುಕೊಂಡು ಹೋಗುತ್ತವೆ. ಎಲ್ಮ್ ಹೋದ ಮೇಲೆ, ಗಟ್ಟಿ ಮರ, ಏನು ಮಾಡಿದರೂ ಬದುಕುತ್ತೆ ಅಂತ ಊರೂರಲ್ಲೂ ಆ್ಯಶ್ ನೆಟ್ಟರು. ಸಾಲಾಗಿ, ಒಂದೇ ಜಾತಿ. ನಾವು ಕಾಫಿ ತೋಟದಲ್ಲಿ ನೆರಳಿಗೆ ಸಿಲ್ವರ್ ಓಕ್ ನೆಟ್ಟ ಹಾಗೇ. ಕಾಡುಮರ ಕಡಿದು ಬರೀ ಸಿಲ್ವರ್ ತುಂಬಿಕೊಂಡ ನಾನು ಇವರಿಗೆ ಬುದ್ಧಿ ಹೇಳೋ ಸ್ಥಿತಿಯಲ್ಲಿ ಇಲ್ಲ ಬಿಡಿ.

ಎರಡನೇ ದಿನ: ಹ್ಯೂರಾನ್ ಹೊಳೆ ದಂಡೆ

"ಮಾವ, ನಿಮಗೆ ಮಾಲ್ ಎಲ್ಲ ಬೇಡ, ಕಾಡಿಗೆ ಹೋಗೋಣ ಬನ್ನಿ" ಅಂತ ಅಳಿಯ ಹೊರಡಿಸಿದ. ತಂಪು ಇರುತ್ತೆ ಅಂತ ತನ್ನದೇ ಒಂದು ಜಾಕೆಟ್ ಕೊಟ್ಟ. ಈ ಜಾಕೆಟ್ ವಿಷಯ ಆಮೇಲೆ ಬರುತ್ತೆ.

ಹ್ಯೂರಾನ್ ಅನ್ನೋದು ಆ್ಯನ್ ಆರ್ಬರ್ ಮಧ್ಯದಲ್ಲೇ ಹರಿಯುವ ಹೊಳೆ. ಮಳೆಗಾಲ ಮುಗಿದ ಮೇಲಿನ ನಮ್ಮ ಹೇಮಾವತಿಯಷ್ಟು ಶಾಂತ. ದಂಡೆಯ ಕಾಡಿನಲ್ಲಿ ಓಕ್, ಮೇಪಲ್, ಹಿಕರಿ. ನೆಲದ ತುಂಬ ಅಡ್ಡಾದಿಡ್ಡಿ ಬಿದ್ದ ದಿಮ್ಮಿಗಳು, ತೊಗಟೆ ಕಳಚಿ ಬೆಳ್ಳಗೆ. ಮೇಲೆ ಪಾಚಿ. ಒಂದರ ಮೇಲೆ ಕೂತು ಕೈಯಾಡಿಸಿದೆ. ಬೆರಳಿಗೆ ಗೀರು ತಾಗಿತು.

ನೋಡಿದರೆ ಮರದ ಮೈತುಂಬ ಹಾವಿನ ಹೆಜ್ಜೆ. ಆಚೆಗೆ ಒಂದು ಬಾಗು, ಈಚೆಗೆ ಒಂದು ಬಾಗು. ಶುರುವಲ್ಲಿ ದಾರದಷ್ಟು ಸಣ್ಣ, ಹೋಗ್ತಾ ಹೋಗ್ತಾ ಅಗಲ. ಹುಳ ತಿಂದು ದಪ್ಪ ಆದ ಹಾಗೆ ದಾರಿಯೂ ದಪ್ಪ. ಒಂದು ಸಾಲು ಇನ್ನೊಂದರ ಪಕ್ಕ, ಮಧ್ಯೆ ಬೆರಳಿಡೋಕೆ ಜಾಗ ಇಲ್ಲ.

ಸ್ವಲ್ಪ ಮುಂದೆ ಮಣಿಕಟ್ಟು ದಪ್ಪದ ಒಂದು ಎಳೆ ಆ್ಯಶ್ ಸತ್ತು ನಿಂತಿತ್ತು. ಸತ್ತು ಒಂದೆರಡು ವರ್ಷ ಆಗಿರಬೇಕು. ಕಾರಿನ ಕೀ ತೂರಿಸಿ ಮೀಟಿದೆ. ಅಂಗೈ ಅಗಲದ ತೊಗಟೆ ಟಪ್ ಅಂತ ಬಂತು. ಒಳಗೆ ಅದೇ ಅಂಕುಡೊಂಕು ದಾರಿ, ಕಂದು ಪುಡಿ ಗಟ್ಟಿಯಾಗಿ ತುಂಬಿತ್ತು. ಉಗುರಿನಿಂದ ಕೆರೆದೆ, ಕಾಫಿ ಪುಡಿ ಹಾಗೇ ಉದುರಿತು. ತೊಗಟೆ ಹೊರಗೆ ತಿರುಗಿಸಿದರೆ ಒಂದು ತೂತು. ದುಂಡಗಿಲ್ಲ. ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಬಿಲ್ಲಿನಂತೆ ಬಾಗಿದೆ. ಇಂಗ್ಲಿಷಿನ ಡಿ ಅಕ್ಷರ. ಅಗಲ ಮೂರು ನಾಲ್ಕು ಮಿಲಿಮೀಟರ್ ಇದ್ದೀತು. ದುಂಬಿಯ ಬೆನ್ನು ಚಪ್ಪಟೆ, ಹೊಟ್ಟೆ ಉಬ್ಬು, ಹಾಗಾಗಿ ಹೊರಗೆ ಬರುವ ಬಾಗಿಲೂ ಅದೇ ಆಕಾರ.

ನಮ್ಮ ಕಾಫಿ ಗಿಡದ ಬೋರರ್‌ಗೂ, ಅಂದರೆ ಬಿಳಿ ಕಾಂಡಕೊರಕಕ್ಕೂ, ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ನಮ್ಮದು ಕಾಂಡದ ಗಟ್ಟಿ ಭಾಗಕ್ಕೇ ನುಗ್ಗುತ್ತೆ, ಮಧ್ಯವನ್ನೇ ಟೊಳ್ಳು ಮಾಡುತ್ತೆ. ಕಾಂಡದ ಮೇಲೆ ಉಬ್ಬುಗೆರೆ ಏಳುತ್ತೆ, ಬೆರಳಾಡಿಸಿದರೆ ಗೊತ್ತಾಗುತ್ತೆ. ಇದು ಹಾಗಲ್ಲ. ತೊಗಟೆಯ ಕೆಳಗೇ ಇರುತ್ತೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯೋದು ಆ ತೆಳ್ಳನೆ ಪದರದಲ್ಲೇ ಅಲ್ವಾ? ಅದನ್ನು ಸುತ್ತಲೂ ಕತ್ತರಿಸಿ ಹಾಕುತ್ತೆ. ಮರದ ತಿರುಳು ಗಟ್ಟಿಯಾಗೇ ಇರುತ್ತೆ, ಮರ ಹಸಿವಿನಿಂದ ಸಾಯುತ್ತೆ. ಮೊದಲು ಒಣಗೋದು ತುದಿ. ತುದಿ ಇರೋದು ಅರವತ್ತು ಅಡಿ ಮೇಲೆ. ಕೆಳಗೆ ನಿಂತವನಿಗೆ ಕಾಣೋ ಹೊತ್ತಿಗೆ ಹುಳ ಒಳಗೆ ಸೇರಿ ಎರಡು ಮೂರು ವರ್ಷ ಆಗಿರುತ್ತೆ. ಮರಕುಟಿಗಗಳಿಗೆ ಮಾತ್ರ ಮನುಷ್ಯರಿಗಿಂತ ಮುಂಚೆ ಗೊತ್ತಾಗುತ್ತಂತೆ. ಅವು ಮೇಲಿನ ತೊಗಟೆ ಕುಕ್ಕಿ ಕುಕ್ಕಿ ಮರ ತೇಪೆ ಹಾಕಿದ ಹಾಗೆ ಬಿಳಿಚಿಕೊಳ್ಳುತ್ತೆ.

ಹ್ಯೂರಾನ್ ಹೊಳೆಯ ಮೇಲ್ಭಾಗದ ಕಾಡುಗಳಲ್ಲಿ ವಿಜ್ಞಾನಿಗಳು ವರ್ಷಗಟ್ಟಲೆ ಮರ ಎಣಿಸಿದ್ದಾರೆ. 2009ರ ಹೊತ್ತಿಗೆ ಒಂದು ಇಂಚಿಗಿಂತ ದಪ್ಪ ಇದ್ದ ಆ್ಯಶ್‌ಗಳಲ್ಲಿ ಶೇಕಡಾ 99ಕ್ಕಿಂತ ಹೆಚ್ಚು ಸತ್ತಿದ್ದವು. ಹಾಗಂತ ಆ್ಯಶ್ ಇಲ್ಲವೇ ಇಲ್ಲ ಅಂದುಕೊಳ್ಳಬೇಡಿ. ಕಾಲಿಟ್ಟ ಕಡೆಯೆಲ್ಲ ಸಸಿ. ದೊಡ್ಡ ಮರಗಳು ಸಾಯುವ ಮುಂಚೆ ಉದುರಿಸಿದ ಬೀಜದವು. ಬೆರಳು ದಪ್ಪ ಆಗೋ ತನಕ ಹುಳ ಮುಟ್ಟಲ್ಲ. ಹೆಬ್ಬೆರಳು ದಾಟಿದರೆ ಬರುತ್ತೆ. ಹೊಸ ಬೀಜ ಬಿಡೋ ವಯಸ್ಸಿಗೆ ಬರೋದು ಬಹಳ ಕಮ್ಮಿ. ಇಲ್ಲಿನ ವಿಜ್ಞಾನಿಗಳು ಇವಕ್ಕೆ ಇಟ್ಟಿರುವ ಹೆಸರು ಅನಾಥ ಪೀಳಿಗೆ.

ಆ ತೊಗಟೆ ತುಂಡನ್ನು ಜಾಕೆಟ್ ಜೇಬಿಗೆ ಹಾಕಿಕೊಂಡೆ. ಊರಿಗೆ ಹೋಗಿ ಮೇಸ್ತ್ರಿಗೆ ತೋರಿಸಬೇಕಿತ್ತು. ಬೋರರ್ ಬಿದ್ದ ಗಿಡ ಗುರುತಿಸೋದರಲ್ಲಿ (ಅದಕ್ಕೆ ನಾವು ಟ್ರೇಸಿಂಗ್ ಅಂತೀವಿ) ನಮ್ಮ ಮೇಸ್ತ್ರಿ ಕಣ್ಣು ಎಂಥದ್ದು ಅಂದರೆ, ನಡೆದುಕೊಂಡು ಹೋಗ್ತಾನೇ "ಇದು, ಇದು, ಅದೂ" ಅಂತ ಕತ್ತಿಯಿಂದ ಗುರುತು ಹಾಕುತ್ತಾನೆ.

ಮೂರನೇ ದಿನ: ಕ್ಯಾಂಟನ್

ಇವತ್ತಿಂದು ಹೆಚ್ಚೇನಿಲ್ಲ. ಡೆಟ್ರಾಯಿಟ್ ದಾರಿಯಲ್ಲಿ ಕ್ಯಾಂಟನ್ ಅಂತ ಒಂದು ಊರು. ಅಲ್ಲಿರುವ ಐಕಿಯಾ ಅಂಗಡಿಗೆ ನನ್ನ ಹೆಂಡತಿ ಹೋಗಬೇಕು, ಹುಳ ಮೊದಲು ಪತ್ತೆಯಾದ ಸೀಮೆ ಅಂತ ನಾನು ಹೋಗಬೇಕು. ಇಬ್ಬರಿಗೂ ಒಂದೇ ಕಾರು ಸಾಕಾಯಿತು.

2001ರಲ್ಲೇ ಈ ಕಡೆ ಆ್ಯಶ್ ಒಣಗತೊಡಗಿದ್ದವು. ಅದೇನೋ ರೋಗ ಅಂತ ಅಂದಾಜು ಮಾಡಿದ್ದರು. 2002ರಲ್ಲಿ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಡೇವಿಡ್ ರಾಬರ್ಟ್ಸ್ ಅವರ ಕೈಗೆ ಸತ್ತ ಮರದ ದಿಮ್ಮಿಯಿಂದ ಹೊರಬಂದ ಹಸಿರು ದುಂಬಿ ಸಿಕ್ಕಿತು. ಇಡೀ ಅಮೆರಿಕದಲ್ಲಿ ಅದರ ಗುರುತು ಹಿಡಿಯೋರು ಸಿಗಲಿಲ್ಲ. ಕೊನೆಗೆ ಯುರೋಪಿನ ಸ್ಲೊವಾಕಿಯಾದಲ್ಲಿದ್ದ ಎಡ್ವರ್ಡ್ ಯೆಂಡೆಕ್ ಅವರಿಗೆ ಕಳಿಸಿದರು. ಜುಲೈಯಲ್ಲಿ ಉತ್ತರ ಬಂತು. ಅಗ್ರಿಲಸ್ ಪ್ಲಾನಿಪೆನ್ನಿಸ್. ಚೀನಾ, ಕೊರಿಯಾ, ರಷ್ಯಾದ ಪೂರ್ವ ಮೂಲೆಯ ಹುಳ. ಅಲ್ಲಿನ ಆ್ಯಶ್ ಮರಗಳಿಗೆ ಅದು ದೊಡ್ಡ ತೊಂದರೆಯೇ ಅಲ್ಲ, ಸೋತ ಮರಕ್ಕೆ ಮಾತ್ರ ಬೀಳುತ್ತೆ. ಇಲ್ಲಿನ ಮರಗಳು ಅದನ್ನು ಕಂಡೇ ಇರಲಿಲ್ಲ. ಇಲ್ಲಿ ಅದರ ಹೆಸರು ಎಮರಾಲ್ಡ್ ಆ್ಯಶ್ ಬೋರರ್. ಪಚ್ಚೆ ಬಣ್ಣದ ಬೋರರ್.

ಆಮೇಲೆ ಸತ್ತ ಮರಗಳ ಉಂಗುರ ಎಣಿಸಿ ಹಿಂದಕ್ಕೆ ಲೆಕ್ಕ ಹಾಕಿದರು. 1990ರ ದಶಕದಲ್ಲೇ ಬಂದು ಕೂತಿತ್ತು ಅಂತ ಗೊತ್ತಾಯಿತು. ಬಂದಿದ್ದು ಬಹುಶಃ ಸಾಮಾನು ಪ್ಯಾಕ್ ಮಾಡಿದ ಮರದ ಪೆಟ್ಟಿಗೆಯಲ್ಲೋ, ಸಾಮಾನು ಪೇರಿಸೋ ಮರದ ಅಟ್ಟಣೆ ಪ್ಯಾಲೆಟ್‌ನಲ್ಲೋ.

ಅಂಗಡಿಯಿಂದ ಹೆಂಡತಿ ಹೊರಬರೋ ತನಕ ಹಿಂದುಗಡೆ ಒಟ್ಟಿದ್ದ ಪ್ಯಾಲೆಟ್‌ಗಳನ್ನು ನೋಡ್ತಾ ನಿಂತೆ. ಗೋಧಿ ತೆನೆಯ ಚಿತ್ರ, ಪಕ್ಕದಲ್ಲಿ ಎಚ್.ಟಿ. ಅಂತ ಮುದ್ರೆ. ಮರದ ಒಳಗಿನ ತನಕ 56 ಡಿಗ್ರಿ ಶಾಖ, ಅರ್ಧ ಗಂಟೆ ಕೊಟ್ಟಿದ್ದಾರೆ ಅಂತ ಅದರ ಅರ್ಥ. ನಮ್ಮ ಕಡೆಯ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲೂ ಈ ಮುದ್ರೆ ನೋಡಿದ್ದೇನೆ, ಏನಂತ ಯಾವತ್ತೂ ಕೇಳಿರಲಿಲ್ಲ. ಈ ನಿಯಮವನ್ನು ಎಲ್ಲ ದೇಶಗಳಿಗೂ ಅಂತ ಒಪ್ಪಿದ್ದು 2002ರಲ್ಲಿ. ಹುಳ ಪತ್ತೆಯಾಗಿದ್ದೂ ಅದೇ ವರ್ಷ. ಕೊಟ್ಟಿಗೆಗೆ ಬಾಗಿಲು ಇಡೋ ಹೊತ್ತಿಗೆ ದನ ಗದ್ದೆ ಮೇಯ್ದು ಆಗಿತ್ತು.

"ಬೋರರ್ ನೋಡೋಕೆ ಅಮೆರಿಕಕ್ಕೆ ಬರಬೇಕಿತ್ತಾ? ಹಿತ್ತಲಿಗೆ ಹೋಗಿದ್ದರೆ ಸಾಕಿತ್ತು" ಅಂದಳು ಇವಳು, ಮೂರು ಚೀಲ ನನ್ನ ಕೈಗೆ ಹಾಕುತ್ತಾ.

ನಾಲ್ಕನೇ ದಿನ: ಉತ್ತರಕ್ಕೆ

ಕಾರಲ್ಲಿ ಇಡೀ ದಿನ. ಗುಡಾರ, ಅಕ್ಕಿ, ಸಾರಿನಪುಡಿ, ಕುಕ್ಕರ್ ಎಲ್ಲ ತುಂಬಿಕೊಂಡು ಹೊರಟೆವು. ಗ್ರೇಲಿಂಗ್ ಹತ್ತಿರ ಹಾರ್ಟ್‌ವಿಕ್ ಪೈನ್ಸ್ ಅನ್ನೋ ಕಡೆ ಚಿತ್ರಾನ್ನ ತಿಂದೆವು. ಅಲ್ಲಿನ ಹಳೇ ಪೈನ್ ಮರಗಳ ಬುಡ ನಿಜಕ್ಕೂ ನೋಡಬೇಕಾದ್ದೇ. ಆದರೆ ನನ್ನ ಗಮನ ಎಲ್ಲ ಬೋರ್ಡ್ ಮೇಲೆ. ಸೌದೆ ಸಾಗಿಸಬೇಡಿ. ಎಲ್ಲಿ ಉರಿಸುತ್ತೀರೋ ಅಲ್ಲೇ ಕೊಳ್ಳಿ. ಇಂಥವು ಎಷ್ಟೋ ಕಡೆ.

ಸೌದೆ ಯಾಕೆ ಅಂದರೆ, ಈ ದುಂಬಿ ದೊಡ್ಡ ಹಾರಾಟದ್ದಲ್ಲ. ಹೆಚ್ಚಿನವು ಹುಟ್ಟಿದ ಮರದ ಆಸುಪಾಸಲ್ಲೇ ಮೊಟ್ಟೆ ಇಡುತ್ತವೆ. ತಾನಾಗೇ ಹರಡಿದ್ದರೆ ವರ್ಷಕ್ಕೆ ಕೆಲವು ಕಿಲೋಮೀಟರ್. ಆದರೆ ಮನೆ ಮುಂದೆ ಆ್ಯಶ್ ಸತ್ತರೆ ಇವರು ಏನು ಮಾಡುತ್ತಾರೆ? ಕಡಿದು ಸೌದೆ ಮಾಡುತ್ತಾರೆ. ಬೇಸಿಗೆ ಬಂತು ಅಂದರೆ ಸೌದೆ ಕಾರಿಗೆ ಹಾಕಿಕೊಂಡು ಐನೂರು ಕಿಲೋಮೀಟರ್ ದೂರದ ಕೆರೆ ದಂಡೆಗೆ ಕ್ಯಾಂಪ್‌ಗೆ ಹೋಗುತ್ತಾರೆ. ಒಳಗಿದ್ದ ಹುಳ ಅಲ್ಲಿ ಎದ್ದು ಹೊರಬರುತ್ತೆ. ಕೆನಡಾದವರು ಒಂಟಾರಿಯೊದಲ್ಲಿ ಸುಮಾರು 10 ಕಿಲೋಮೀಟರ್ ಅಗಲಕ್ಕೆ ಒಂದು ಕೆರೆಯಿಂದ ಇನ್ನೊಂದು ಕೆರೆ ತನಕ ಎಲ್ಲ ಆ್ಯಶ್ ಕಡಿದು ಹಾಕಿದ್ದರು, ನಾವು ಬೇಸಿಗೆಗೆ ಬೆಂಕಿ ದಾಟದಿರಲಿ ಅಂತ ಫೈರ್ ಲೈನ್ ಸವರಿದ ಹಾಗೆ. ಆಮೇಲೆ ನೋಡಿದರೆ ಹುಳ ಗೆರೆಯ ಆಚೆಗೂ ಇತ್ತು.

ಕಾಫಿ ಹಣ್ಣು ಕೊರೆಯೋ ನಮ್ಮ ಬೆರ್ರಿ ಬೋರರ್ ಕತೆಯೂ ಇದೇ. 1990ರಲ್ಲಿ ನೀಲಗಿರಿಯ ಗೂಡಲೂರಲ್ಲಿ ಕಂಡಿತು ಅಂದಾಗ "ಗೂಡಲೂರು ಎಲ್ಲಿ, ನಾವೆಲ್ಲಿ" ಅಂದಿದ್ದ ಹಿರಿಯರು ನನಗೆ ನೆನಪಿದ್ದಾರೆ. ಆಮೇಲೆ ಕೊಡಗು, ಆಮೇಲೆ ನಾವು. ಗೋಣಿಚೀಲದ ಮೂಲೆಯಲ್ಲಿ ಉಳಿದ ನಾಲ್ಕು ಕಾಯಿ ಸಾಕಾಗಿತ್ತು. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದವರು ಚೀಲ ಶುದ್ಧ ಮಾಡಿ ಅಂತ ಎಷ್ಟು ಹೇಳಿದರೂ ಕುಯ್ಲಿನ ಗಡಿಬಿಡಿಯಲ್ಲಿ ಕೇಳಿದವರು ಯಾರು?

ದಾರಿಯುದ್ದಕ್ಕೂ ನಾನು ಇದೇ ಮಾತಾಡ್ತಾ ಬಂದೆ. ಮುಂದೆ ಹೋಗ್ತಿದ್ದ ಒಂದು ಪಿಕಪ್‌ನಲ್ಲಿ ಸೌದೆ ಕಂಡು, "ನೋಡು, ಓದು ಬರಹ ಬಂದ ಜನ, ಬೋರ್ಡ್ ಓದೋಕೆ ಬರಲ್ವಾ" ಅಂತ ಬೈದೆ.

ಸಂಜೆ ಹೊತ್ತಿಗೆ ಮ್ಯಾಕಿನಾ ಸೇತುವೆ. 1957ರಲ್ಲಿ ಕಟ್ಟಿದ್ದು, ಎಂಟು ಕಿಲೋಮೀಟರ್ ಉದ್ದ. ಮಿಶಿಗನ್‌ನ ಕೆಳ ಭಾಗ, ಮೇಲಿನ ಭಾಗ ಎರಡನ್ನೂ ಸೇರಿಸುತ್ತೆ. ಮಧ್ಯೆ ಸಮುದ್ರದ ಹಾಗೆ ನೀರು. ಹುಳ ತಾನಾಗೇ ದಾಟೋಕೆ ಆಗದ ಜಾಗ. ಅದಕ್ಕೇ ಮೊದಮೊದಲು ಸೇತುವೆ ಹತ್ತಿರ ಸೌದೆ ತಪಾಸಣೆ ಇಟ್ಟಿದ್ದರಂತೆ. ಗಾಳಿ ಜೋರಾಗಿತ್ತು, ಜಾಕೆಟ್ ಹಾಕಿಕೊಂಡೆ.

ಟೋಲ್ ಕಟ್ಟೋದು ದಾಟಿದ ಮೇಲೆ, ಆಚೆ ತುದಿಯಲ್ಲಿ. ನಾಲ್ಕು ಡಾಲರ್. ನಾನು ಕೊಡ್ತೀನಿ ಅಂತ ಜೇಬಿಗೆ ಕೈ ಹಾಕಿದೆ. ಕೈಗೆ ಬಂದಿದ್ದು ತೊಗಟೆ. ಕಂದು ಪುಡಿ ನೋಟಿಗೆಲ್ಲ ಮೆತ್ತಿಕೊಂಡಿತ್ತು.

ಮಗಳು ಹಿಂದೆ ತಿರುಗಿ ತೊಗಟೆ ನೋಡಿದಳು. ನನ್ನ ಮುಖ ನೋಡಿದಳು. "ಅಪ್ಪಾ, ಪಿಕಪ್‌ನವನಿಗೆ ಬೈದಿದ್ದು ಯಾರು?"

ಅಳಿಯ ಸಭ್ಯ. ಏನೂ ಹೇಳದೆ ರೇಡಿಯೋ ಹಾಕಿದ.

ಐದನೇ ದಿನ: ಬ್ರಿಮ್ಲಿ

ಲೇಕ್ ಸುಪೀರಿಯರ್ ದಂಡೆಯಲ್ಲಿ ಬ್ರಿಮ್ಲಿ ಸ್ಟೇಟ್ ಪಾರ್ಕ್. ಮಿಶಿಗನ್‌ನ ಮೇಲಿನ ಭಾಗದಲ್ಲಿ ಹುಳ ಮೊದಲು ಸಿಕ್ಕಿದ್ದು ಇಲ್ಲೇ, 2005ರಲ್ಲಿ. ಕ್ಯಾಂಪ್ ಜಾಗದಲ್ಲಿ! ಯಾರೋ ಒಬ್ಬ ಸೌದೆ ತಂದಿರಬೇಕು ಅಂತಲೇ ಅಂದಾಜು. ಅವನೂ ನನ್ನ ಹಾಗೇ ಒಳ್ಳೆಯವನೇ ಇದ್ದಿರಬಹುದು.

ತೊಗಟೆಯಲ್ಲಿ ಜೀವ ಇರಲಿಲ್ಲ, ಹಳೆಯದು. ಆದರೂ ಇಟ್ಟುಕೊಳ್ಳೋಕೆ ಮನಸ್ಸಾಗಲಿಲ್ಲ. ರಾತ್ರಿಯೇ ಅಲ್ಲೇ ಕೊಂಡ ಸೌದೆಯ ಬೆಂಕಿಗೆ ಹಾಕಿದ್ದೆ. ಚಟಪಟ ಅಂತ ಉರಿದು ನಿಮಿಷದಲ್ಲಿ ಬೂದಿಯಾಯಿತು. ಊರಲ್ಲಿ ಮಾರ್ಚ್‌ನಲ್ಲಿ ಒಂದು ಸಲ, ಸೆಪ್ಟೆಂಬರ್‌ನಲ್ಲಿ ಒಂದು ಸಲ, ದುಂಬಿ ಹಾರೋ ಮುಂಚೆ ಬೋರರ್ ಗಿಡ ಕಿತ್ತು ಸುಡುತ್ತೇವಲ್ಲ, ಅದೇ ವಾಸನೆ ಬಂದ ಹಾಗಾಯಿತು. ಭ್ರಮೆ ಇರಬಹುದು.

ಬೆಳಗ್ಗೆ ಜೌಗಿನ ಕಡೆ ಹೋದೆವು. ಇಲ್ಲಿ ಕಪ್ಪು ಆ್ಯಶ್ ಅಂತ ಒಂದು ಜಾತಿ ಇದೆ, ನೀರು ನಿಲ್ಲೋ ಜಾಗದಲ್ಲೇ ಬೆಳೆಯೋದು. ಬೇರೆ ಮರಗಳು ಅಲ್ಲಿ ಹೆಚ್ಚಾಗಿ ನಿಲ್ಲಲ್ಲ. ಬೇಸಿಗೆಯಿಡೀ ನೆಲದ ನೀರು ಹೀರಿ ಹೀರಿ ಜೌಗನ್ನು ಹದದಲ್ಲಿಡೋದು ಈ ಮರವೇ. ಮರ ಸತ್ತರೆ ನೀರು ಮೇಲೇರುತ್ತೆ. ಏರಿದ ನೀರಲ್ಲಿ ಹೊಸ ಸಸಿ ಏಳಲ್ಲ, ಜೊಂಡು ಬರುತ್ತೆ. ನಾವು ನೋಡಿದ ಕಡೆ ಅರ್ಧ ಮರ ಬೋಳು, ಅರ್ಧ ಹಸಿರು. ಕಾಲಿಟ್ಟರೆ ಪಚಪಚ. ಸೊಳ್ಳೆ ನಮ್ಮ ಮಲೆನಾಡಿನವಕ್ಕಿಂತ ಜೋರು. ಹತ್ತು ನಿಮಿಷಕ್ಕೆ ಹೆಂಗಸರು ಕಾರಿಗೆ ವಾಪಸ್.

ದಾರಿಯಲ್ಲಿ ಒಂದು ಸಣ್ಣ ಅಂಗಡಿ. ಇಲ್ಲಿನ ಮೂಲನಿವಾಸಿ ಅನಿಶಿನಾಬೆ ಜನರ ಒಬ್ಬ ಹೆಂಗಸು ಬುಟ್ಟಿ ಮಾರುತ್ತಿದ್ದರು. ಕಪ್ಪು ಆ್ಯಶ್‌ನದ್ದೇ ಬುಟ್ಟಿ. ನಮ್ಮ ಮೇದಾರರು ಬಿದಿರನ್ನು ಕತ್ತಿಯಿಂದ ಸೀಳುತ್ತಾರೆ. ಇವರು ಸೀಳಲ್ಲ, ದಿಮ್ಮಿಯನ್ನು ಕೊಡಲಿಯ ಹಿಂಬದಿಯಿಂದ ಬಡಿಯುತ್ತಾರೆ. ಬಡಿದಲ್ಲೇ ಮತ್ತೆ ಮತ್ತೆ. ಆಗ ವರ್ಷದ ಉಂಗುರ ಒಂದೊಂದೇ ಪಟ್ಟಿಯಾಗಿ ಬಿಟ್ಟುಕೊಳ್ಳುತ್ತೆ. ಒಂದು ಪಟ್ಟಿ ಅಂದರೆ ಮರದ ಒಂದು ವರ್ಷ. ಒಂದು ಬುಟ್ಟಿ ನನ್ನ ಕೈಗೆ ಕೊಟ್ಟರು. ತುಂಬ ಹಗುರ. ಒಳಗೆ ಬೆರಳಾಡಿಸಿದರೆ ರೇಷ್ಮೆ.

"ಮರ ಎಲ್ಲಿಂದ ತರ್ತೀರಿ?" ಅಂತ ಕೇಳಿಸಿದೆ.

"ಮುಂಚೆ ಅಣ್ಣನ ಜೊತೆ ಹತ್ತು ನಿಮಿಷ ನಡೆದರೆ ಸಿಗುತ್ತಿತ್ತು. ಈಗ ಅರ್ಧ ದಿನ ಕಾರು" ಅಂದರು. ದಿಮ್ಮಿಗಳನ್ನು ಕೆಲವು ತಿಂಗಳು ಹೊಳೆ ನೀರಲ್ಲಿ ಮುಳುಗಿಸಿಟ್ಟರೆ ಒಳಗಿನ ಹುಳ ಸಾಯುತ್ತೆ, ಪಟ್ಟಿ ಹಾಳಾಗಲ್ಲ. ಅದೊಂದು ಉಪಾಯ. ಇನ್ನೊಂದು ಬೀಜ ಕೂಡಿಡೋದು. ಒಂದು ಗಾಜಿನ ಭರಣಿ ತೆಗೆದು ತೋರಿಸಿದರು. ಒಣಗಿದ, ಚಪ್ಪಟೆ, ದೋಣಿಯಾಕಾರದ ಬೀಜಗಳು. ಮೊಮ್ಮಗಳಿಗೆ ಅಂತೆ. ನೆಟ್ಟರೆ ಬುಟ್ಟಿಗಾಗೋಷ್ಟು ದಪ್ಪ ಆಗೋಕೆ ಎಷ್ಟೋ ದಶಕ ಬೇಕು. ಆಕೆಗೆ ಅದು ಗೊತ್ತು.

ಇವಳು ಒಂದು ಪುಟ್ಟ ಬುಟ್ಟಿ ಕೊಂಡಳು. ಬೆಲೆ ಹೇಳಲ್ಲ. ಒಂದು ಮೂಟೆ ಕಾಫಿ ನೆನಪಾಯಿತು ಅಷ್ಟೇ.

ಕಾರಲ್ಲಿ ಅಳಿಯ ಫೋನ್ ನೋಡಿ, "ಮಾವ, ಆ್ಯಶ್ ಮಲ್ಲಿಗೆ ಕುಟುಂಬದ್ದಂತೆ. ಪಾರಿಜಾತವೂ ಅದೇ" ಅಂದ. ಇಷ್ಟು ದಿನ ಹುಳದ ಮಾತು ಬಂದರೆ ಕಿಟಕಿ ನೋಡುತ್ತಿದ್ದ ಹೆಂಡತಿ ತಟ್ಟನೆ ಎದ್ದು ಕೂತಳು. "ನಮ್ಮ ಮಲ್ಲಿಗೆಗೂ ಬರುತ್ತಾ?" ಅದೇ ಕುಟುಂಬದ ಫ್ರಿಂಜ್ ಟ್ರೀ ಅನ್ನೋ ಗಿಡಕ್ಕೆ ಬಿದ್ದಿರೋದು 2014ರಲ್ಲಿ ಓಹಾಯೋದಲ್ಲಿ ಸಿಕ್ಕಿತು ಅಂತ ಅಳಿಯ ಓದಿ ಹೇಳಿದ. ಅವಳು ಆಮೇಲೆ ಸೇತುವೆ ಬರೋ ತನಕ ಮಾತಾಡಲಿಲ್ಲ.

ಆರನೇ ದಿನ: ಮತ್ತೆ ಆ್ಯನ್ ಆರ್ಬರ್

ರಾತ್ರಿ ತಡವಾಗಿ ಬಂದು ಬೆಳಗ್ಗೆ ತಡವಾಗಿ ಎದ್ದೆ. ಬರೋ ದಾರಿಯಲ್ಲಿ ಬ್ರೈಟನ್ ಅನ್ನೋ ಊರು ಕತ್ತಲಲ್ಲಿ ದಾಟಿದೆವು. ಅಲ್ಲಿ ಸರ್ಕಾರದವರು ಚೀನಾದಿಂದ ತಂದ ಪುಟ್ಟ ಕಣಜಗಳನ್ನು ಸಾಕಿ ಕಾಡಿಗೆ ಬಿಡುತ್ತಾರೆ. ಒಂದು ಜಾತಿ ದುಂಬಿಯ ಮೊಟ್ಟೆಯೊಳಗೇ ತನ್ನ ಮೊಟ್ಟೆ ಇಡುತ್ತೆ, ಇನ್ನೊಂದು ಮರಿಹುಳವನ್ನು ಹಿಡಿಯುತ್ತೆ. 2007ರಿಂದ ಬಿಡುತ್ತಿದ್ದಾರೆ. ಎಳೆ ಮರಗಳಲ್ಲಿ ಸ್ವಲ್ಪ ಕೆಲಸ ಮಾಡಿದೆ ಅಂತಾರೆ. ನಮ್ಮಲ್ಲೂ ಬೆರ್ರಿ ಬೋರರ್‌ಗೆ ಹೊರಗಿನ ಕಣಜ ತಂದು ಬಿಟ್ಟಿದ್ದರಲ್ಲ, ಅದೇ ದಾರಿ. ಸೌದೆ ಸಾಗಣೆಗೆ ಹಾಕಿದ್ದ ಕೇಂದ್ರದ ನಿರ್ಬಂಧವನ್ನು 2021ರ ಜನವರಿಯಲ್ಲಿ ತೆಗೆದರು. ತಡೆಯೋಕೆ ಆಗಲ್ಲ, ಆ ದುಡ್ಡು ಕಣಜಕ್ಕೆ ಇರಲಿ ಅಂತ. 2022ರಲ್ಲಿ ಆರೆಗಾನ್‌ನಲ್ಲೂ ಸಿಕ್ಕಿತು, ದೇಶದ ಆಚೆ ತುದಿ.

ಮಗಳ ಹಿತ್ತಲ ಬೇಲಿಯಲ್ಲಿ ತಾನಾಗೇ ಹುಟ್ಟಿದ ಒಂದು ಆ್ಯಶ್ ಸಸಿ ಇದೆ. ಅಲ್ಲಿಗೆ ಹೋಗಿ ಕಾಫಿ ಕುಡೀತಾ ನಿಂತಿದ್ದೆ. ಎಲೆಯ ಅಂಚು ಕಚ್ಚಿದ ಹಾಗಿತ್ತು. ಪಕ್ಕದ ಎಲೆ ತಿರುಗಿಸಿದೆ. ಕೂತಿತ್ತು.

ಅರ್ಧ ಇಂಚಿಗಿಂತ ಸಣ್ಣದು, ಅಕ್ಕಿಕಾಳನ್ನು ಉದ್ದ ಎಳೆದ ಹಾಗೆ. ಹಸಿರು ಅಂದರೆ ಎಂಥ ಹಸಿರು! ಬಿಸಿಲು ಬಿದ್ದರೆ ಚಿನ್ನದ ಅಂಚು. ನಮ್ಮ ಬೋರರ್ ದುಂಬಿ ಕಪ್ಪು ಮೈಗೆ ಬಿಳಿ ಪಟ್ಟೆ, ನೋಡಿದ ತಕ್ಷಣ ಕಳ್ಳ ಅನಿಸುತ್ತೆ. ಇದನ್ನು ಕಂಡರೆ ಮೂಗುಬೊಟ್ಟು ಮಾಡಿಸಿಕೊಳ್ಳೋಣ ಅನಿಸುತ್ತೆ. ಎರಡು ಬೆರಳಲ್ಲಿ ಹಿಡಿದು ಮೇಲಿನ ರೆಕ್ಕೆ ಮೆಲ್ಲಗೆ ಎತ್ತಿದೆ. ಕೆಳಗೆ ಬೆನ್ನು ತಾಮ್ರದ ಬಣ್ಣ, ಹೊಸ ಚೊಂಬಿನ ಹಾಗೆ. ಕಾಲು ಆಡಿಸುತ್ತಿತ್ತು.

ಮಗಳು ಅಡುಗೆಮನೆ ಕಿಟಕಿಯಿಂದ "ಅಪ್ಪಾ, ಫೋಟೋ ತೆಗಿ" ಅಂದಳು. ತೆಗೆದೆ. ಆಮೇಲೆ ಉಗುರಿಗೆ ಉಗುರು ಒತ್ತಿದೆ. ಅಭ್ಯಾಸ.

ಊರಿಗೆ ಬಂದ ಮೇಲೆ

ಆಗಸ್ಟ್. ಮಳೆ ಬಿಟ್ಟಿರಲಿಲ್ಲ. ಕಣದ ಶೆಡ್‌ನಲ್ಲಿ ಕೂತು ಮೇಸ್ತ್ರಿಗೆ ಫೋನಲ್ಲಿ ಎಲ್ಲ ತೋರಿಸಿದೆ. ಬೋಳು ಕಾಡು, ತೊಗಟೆ, ತೂತು, ದುಂಬಿ. ಅವನು ಬೀಡಿ ಆರಿಸಿ, ಕೈ ಒರೆಸಿಕೊಂಡು, ತೂತಿನ ಫೋಟೋ ಬೆರಳಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದ.

"ಅಣ್ಣ, ಇಷ್ಟು ಮರ ಸಾಯೋ ತನಕ ಅಲ್ಲಿ ಟ್ರೇಸಿಂಗ್ ಯಾರೂ ಮಾಡಿರಲಿಲ್ವಾ?"

"ಅದು ಕಾಡು ಕಣೋ. ಕೋಟಿಗಟ್ಟಲೆ ಮರ. ಒಂದೊಂದು ಮರದ ಮುಂದೆ ಯಾರು ನಿಲ್ತಾರೆ?"

ಅವನು ಇನ್ನೊಂದು ಸಲ ಫೋಟೋ ನೋಡಿದ. "ನಮ್ದು ದುಂಡಗಿರುತ್ತೆ" ಅಂದ. ಫೋನ್ ವಾಪಸ್ ಕೊಟ್ಟು, ಸೆಪ್ಟೆಂಬರ್‌ಗೆ ಕೆಳಗಿನ ಬ್ಲಾಕ್‌ಗೆ ಎಷ್ಟು ಆಳು ಬೇಕಾಗಬಹುದು ಅಂತ ಲೆಕ್ಕ ಶುರು ಮಾಡಿದ.